ಹಲಗೆಯ ಇನ್ನೊಂದು ತುದಿ

ನನ್ನ ತಮ್ಮ ತೀರಿಕೊಂಡು ಬರುವ ತಿಂಗಳಿಗೆ ಎರಡು ವರ್ಷ. ಬಿದ್ದು ಸತ್ತ ಎಂದು ಈಗಲೂ ಕೆಲವರು ತಿಳಿದುಕೊಂಡಿದ್ದಾರೆ. ಅಲ್ಲ, ಅಲ್ಲ ಅಂತ ಹೇಳಿ ಹೇಳಿ ನನಗೂ ಸಾಕಾಗಿದೆ. ಅವನು ಬೀಳಲಿಲ್ಲ. ಎತ್ತರದ ಕಟ್ಟಡಗಳ ಹೊರಗೋಡೆಗೆ ಹಗ್ಗದಲ್ಲಿ ನೇತಾಡಿಕೊಂಡು ಇಪ್ಪತ್ತೆರಡು ವರ್ಷ ಬಣ್ಣ ಹೊಡೆದ, ಒಂದು ಸಲವೂ ಬೀಳಲಿಲ್ಲ. ಸತ್ತದ್ದು ಮಂಚದ ಮೇಲೆ, ಶ್ವಾಸಕೋಶ ಕೆಟ್ಟು, ನೆಲದಿಂದ ಎರಡು ಅಡಿ ಎತ್ತರದಲ್ಲಿ. ಅವನು ಆ ಹಗ್ಗದ ಹಲಗೆಯ ಕೆಲಸ ಬಿಟ್ಟಿದ್ದಕ್ಕೆ ಕಾರಣ ಬೇರೆ ಇದೆ. ಅದರಲ್ಲಿ ನನ್ನ ಪಾಲೂ ಇದೆ. ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಕೆಲಸದವರು ಅವನಿಗೆ ಹಲ್ಲಿ ಅಂತ ಹೆಸರಿಟ್ಟಿದ್ದರು, ಯಾವಾಗ ನೋಡಿದರೂ ಗೋಡೆಗೇ ಅಂಟಿಕೊಂಡಿರುತ್ತಾನೆ ಅಂತ. ನನ್ನ ಗಂಡ ಹೋದ ಮೇಲೆ ಅವನು ನನ್ನ ಜೊತೆ ಇರಲು ಬಂದ. ಮೂರನೇ ಮಹಡಿಯಲ್ಲಿ ಎರಡು ಕೋಣೆ ನಮ್ಮದು. ನಾನು ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹರಿದ ಚಾದರ ಹೊಲಿಯುವ ಕೆಲಸದಲ್ಲಿದ್ದೆ. ಅವನಿಗೆ ಮದುವೆ ಆಗಲಿಲ್ಲ. ಎರಡು ಕಡೆ ಹೆಣ್ಣು ಕೇಳಿದ್ದೆ. ಒಂದು ಕಡೆ ಹುಡುಗಿಯ ತಾಯಿ ಮುಖಕ್ಕೇ ಹೇಳಿದಳು: "ಹಗ್ಗದ ಮೇಲೆ ಕೂರೋನಿಗೆ ಕೊಟ್ರೆ ನನ್ನ ಮಗಳು ಜೀವಮಾನ ಪೂರ್ತಿ ಬಾಗಿಲು ನೋಡ್ಕೊಂಡು ಕೂರ್ಬೇಕಾಗುತ್ತೆ." ಅವನು ಅದಕ್ಕೂ ನಕ್ಕ. "ಬಾಗಿಲಿಂದ ಯಾಕೆ ಬರ್ಲಿ, ಕಿಟಕಿಯಿಂದ ಬರ್ತಿದ್ದೆ" ಅಂದ.

ಅವನ ಕೆಲಸ ಹೇಗೆ ಅಂತ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಎಂಟು ಅಡಿ ಉದ್ದದ ಹಲಗೆ. ತುದಿಗೊಬ್ಬರಂತೆ ಇಬ್ಬರು ಕೂರುತ್ತಾರೆ. ಎರಡು ತುದಿಗೂ ಹಗ್ಗ, ಹಗ್ಗದ ಬುಡ ತಾರಸಿಯ ಕಂಬಕ್ಕೆ. ಒಂದು ಅಂತಸ್ತು ಮುಗಿದರೆ ಕೆಳಗಿಳಿಯಬೇಕು. ಆಗ ಒಬ್ಬ "ಹೂಂ" ಅನ್ನುತ್ತಾನೆ, ಇನ್ನೊಬ್ಬನೂ "ಹೂಂ" ಅನ್ನುತ್ತಾನೆ, ಇಬ್ಬರೂ ಒಟ್ಟಿಗೆ ಒಂದೊಂದು ಮೊಳ ಹಗ್ಗ ಬಿಡುತ್ತಾರೆ. ಒಬ್ಬ ಮುಂಚೆ ಬಿಟ್ಟರೆ ಹಲಗೆ ವಾಲುತ್ತದೆ. ಹಾಗಾಗಿ ಆ ಕೆಲಸದಲ್ಲಿ ಕೈ ಎಷ್ಟು ಗಟ್ಟಿ ಅಂತ ಯಾರೂ ಕೇಳುವುದಿಲ್ಲ, ಜೋಡಿ ಯಾರು ಅಂತ ಕೇಳುತ್ತಾರೆ. ಇವನ ಜೋಡಿಯವನನ್ನು ಎಲ್ಲರೂ ಗಿಡ್ಡ ಅಂತ ಕರೆಯುತ್ತಿದ್ದರು. ಹದಿನಾಲ್ಕು ವರ್ಷ ಇಬ್ಬರೂ ಒಂದೇ ಹಲಗೆಯ ಮೇಲೆ ಕೂತಿದ್ದರು.

ಇನ್ನೊಂದು ಕಟ್ಟಳೆ ಅವರಲ್ಲಿ. ಹಲಗೆಯದಲ್ಲದೆ ಪ್ರತಿಯೊಬ್ಬನ ಸೊಂಟಕ್ಕೂ ಒಂದು ಹಗ್ಗ ಇರುತ್ತದೆ, ಅದಕ್ಕೆ ತನ್ನ ಗಂಟು ತಾನೇ ಹಾಕಬೇಕು. ಬೇರೆಯವನ ಗಂಟು ಮುಟ್ಟಬಾರದು, ತನ್ನದನ್ನು ಮುಟ್ಟಗೊಡಬಾರದು. ಗಂಟು ಹಾಕಿದ ಮೇಲೆ ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ, ಹಗ್ಗವನ್ನು ಗಡಗಡ ಅಲ್ಲಾಡಿಸಿ ಬೆರಳಿನಲ್ಲೇ ಓದುತ್ತಾರೆ. ಯಾಕೋ ಕಣ್ಣು ಮುಚ್ಚುವುದು ಅಂತ ಒಮ್ಮೆ ಕೇಳಿದ್ದೆ. "ಕಣ್ಣು ಚೆನ್ನಾಗಿದೆ ಅಂತ ಬೇಗ ಒಪ್ಕೊಂಡ್ಬಿಡುತ್ತೆ ಅಕ್ಕ, ಕೈ ಒಪ್ಪಲ್ಲ" ಅಂದ.

ಇನ್ನು ಟೀವಿಯ ವಿಷಯ. ಶನಿವಾರ ಸಂಜೆ ಏಳಕ್ಕೆ 'ಎಂಟೆದೆ' ಅಂತ ಒಂದು ಆಟ ಬರುತ್ತಿತ್ತು. ಸ್ಪರ್ಧಿಗಳನ್ನು ಹಾವಿನ ಪೆಟ್ಟಿಗೆಯಲ್ಲಿ ಮಲಗಿಸುವುದು, ನೀರು ತುಂಬಿದ ಗಾಜಿನ ಡಬ್ಬದಲ್ಲಿ ಬೀಗ ಹಾಕುವುದು, ಹತ್ತು ಅಂತಸ್ತಿನ ಎತ್ತರದಲ್ಲಿ ಕಬ್ಬಿಣದ ತೊಲೆಯ ಮೇಲೆ ನಡೆಸುವುದು. ನಮ್ಮ ಟೀವಿ ದೊಡ್ಡದು ಅಂತ ಕಟ್ಟಡದ ಹೆಂಗಸರೆಲ್ಲ ನಮ್ಮ ಮನೆಗೇ ಬರುತ್ತಿದ್ದರು. ಮೇಲಿನ ಮನೆಯ ಟೀಚರು ಕುರ್ಚಿ ತಾವೇ ತರುತ್ತಿದ್ದರು. ಇಸ್ತ್ರಿ ಅಂಗಡಿಯವಳು ನೆಲದ ಮೇಲೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದಳು. "ಬಿದ್ರೆ ಹೇಳ್ರೀ, ಕಣ್ಣು ಬಿಡ್ತೀನಿ" ಅನ್ನುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು.

ಅದರಲ್ಲಿ ಅಂಥದ್ದೇನಿತ್ತು ಅಂತ ಆಮೇಲೆ ಬಹಳ ಯೋಚನೆ ಮಾಡಿದ್ದೇನೆ. ಅವರು ಬೀಳಲಿ ಅಂತ ನಾವು ಯಾರೂ ಬಯಸುತ್ತಿರಲಿಲ್ಲ. ಆದರೆ ಬೀಳುವುದೇ ಇಲ್ಲ ಅಂತ ಖಾತ್ರಿಯಾಗಿದ್ದರೆ ನೋಡುತ್ತಲೂ ಇರಲಿಲ್ಲ. ಹೆದರಿಕೆ ಅವರದು, ಚಹಾ ನಮ್ಮದು. ನನ್ನ ಗಂಡ ಎಂಟು ತಿಂಗಳು ಹಾಸಿಗೆ ಹಿಡಿದಿದ್ದರು. ಆಗ ಪ್ರತಿದಿನ ಬೆಳಗ್ಗೆ ಅವರ ಎದೆ ಏರಿಳಿಯುತ್ತಿದೆಯಾ ಅಂತ ನೋಡಿ ಆಮೇಲೆ ನಾನು ಮುಖ ತೊಳೆಯುತ್ತಿದ್ದೆ. ಆ ಹೆದರಿಕೆಗೆ ಕೊನೆ ಇರಲಿಲ್ಲ, ಗಂಟೆ ಬಾರಿಸುವವರಿರಲಿಲ್ಲ. ಟೀವಿಯಲ್ಲಾದರೆ ಎರಡು ನಿಮಿಷಕ್ಕೆ ಗಂಟೆ ಬಾರಿಸುತ್ತಾರೆ, ಹೆದರಿಕೆ ಮುಗಿಯುತ್ತದೆ, ಬದುಕಿದವನು ನಗುತ್ತಾನೆ, ಜನ ಚಪ್ಪಾಳೆ ಹೊಡೆಯುತ್ತಾರೆ. ಹೆದರಿಕೆ ಅಂಥ ಸಣ್ಣ ವಸ್ತು ಅಂತ ಒಂದು ಗಂಟೆ ಹೊತ್ತು ನಂಬುವುದು ನನಗೆ ಹಿತವಾಗಿತ್ತು. ಕಾಲ್ಬೆರಳು ಮುದುಡಿಕೊಂಡು ನೋಡುತ್ತಿದ್ದೆ.

ನನ್ನ ತಮ್ಮ ನಮ್ಮ ಹಿಂದೆ ಗೋಡೆಗೊರಗಿ ಕೂತಿರುತ್ತಿದ್ದ. ನಾವು ಕಿರುಚಿದಾಗ ಅವನು ಸುಮ್ಮನಿರುತ್ತಿದ್ದ, ನಾವು ಸುಮ್ಮನಿದ್ದಾಗ "ಛೆ ಛೆ" ಅನ್ನುತ್ತಿದ್ದ.

"ಏನಾಯ್ತೋ?"

"ಆ ಹಗ್ಗದ ಕೊಕ್ಕೆ ಬೆನ್ನಿಗೆ ಹಾಕಿದಾರೆ. ಹಾಕ್ಕೊಂಡೋನಿಗೇ ಕಾಣಲ್ಲ."

ಒಂದು ಶನಿವಾರ ಟೀಚರು ಅಂದರು, "ಇವರನ್ನ ಕಳ್ಸಿದ್ರೆ ಕಣ್ಣು ಮುಚ್ಕೊಂಡು ಗೆದ್ದು ಬರ್ತಾರೆ. ಇವರಿಗೆ ಇದು ದಿನಾ ಮಾಡೋ ಕೆಲಸ."

"ಅದಕ್ಕೇ ಹೋಗಬಾರ್ದು ಟೀಚರೇ" ಅಂದ ಇವನು. "ಕೆಲಸಾನ ಆಟ ಅಂತ ಆಡಿದ್ರೆ ಕೈ ಕೆಡುತ್ತೆ."

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಅವನು ಕಿಟಕಿಯ ಹತ್ತಿರ ಇಳಿದಾಗ ಒಳಗಿನವರು ಪರದೆ ಎಳೆಯುತ್ತಾರಂತೆ. ಅವನೇ ಹೇಳಿದ್ದ, ಬೇಸರದಿಂದಲ್ಲ, ಹೀಗೇ ಮಾತಿಗೆ. ಅದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ನನ್ನ ತಮ್ಮನಿಗೂ ಒಂದು ಸಲ ಚಪ್ಪಾಳೆ ಬೀಳಲಿ ಅನ್ನಿಸಿತು. "ಹೋಗೋ, ನಾಕು ಜನ ನೋಡ್ಲಿ" ಅಂದೆ. ಒಂದು ಸಲ ಅಲ್ಲ, ತಿಂಗಳುಗಟ್ಟಲೆ ಅಂದೆ. ಕೊನೆಗೆ ನನ್ನ ಕಾಟಕ್ಕೆ ಒಪ್ಪಿದ. ಟೀಚರು ತಮ್ಮ ಫೋನಿನಲ್ಲಿ ಅರ್ಜಿ ತುಂಬಿದರು. ಅವನು ತಾರಸಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಫೋಟೋ ಗಿಡ್ಡನ ಹತ್ತಿರ ಇತ್ತು, ಅದನ್ನೂ ಹಾಕಿದರು. ಇಪ್ಪತ್ತು ದಿನಕ್ಕೆ ಕರೆ ಬಂತು.

ಹೋದ, ಮೂರನೇ ದಿನ ಬಂದ. ಚೀಲ ಇಟ್ಟು ಕಾಲು ತೊಳೆದ.

"ಏನಾಯ್ತೋ?"

"ಔಟ್ ಮಾಡಿದ್ರು."

"ಯಾಕೆ?"

"ಅವರು ಕಟ್ಟಿದ್ದನ್ನ ಬಿಚ್ಚಿದೆ ಅಂತ."

ಬಿಡಿಸಿ ಬಿಡಿಸಿ ಕೇಳಿದ ಮೇಲೆ ಗೊತ್ತಾಯಿತು. ತೊಲೆಯ ಹತ್ತಿರ ನಿಲ್ಲಿಸಿ ಕಪ್ಪು ಅಂಗಿಯ ಒಬ್ಬ ಹೆಂಗಸು ಬೆನ್ನಿಗೆ ಕೊಕ್ಕೆ ಸಿಕ್ಕಿಸಿದಳಂತೆ. ಮುಂದಕ್ಕೆ ಹಾಕಿ ಅಂದನಂತೆ, ಆಗುವುದಿಲ್ಲ ಅಂದಳಂತೆ. ಗಂಟೆ ಬಾರಿಸಿದರು. ಇವನ ಕೈ ತಾನಾಗಿ ಹಿಂದಕ್ಕೆ ಹೋಗಿ ಕೊಕ್ಕೆ ಬಿಚ್ಚಿತು. ಹಗ್ಗವನ್ನು ಸೊಂಟಕ್ಕೆ ಸುತ್ತಿ ತನ್ನ ಗಂಟು ಹಾಕಿಕೊಂಡ. ಅಲ್ಲಿದ್ದ ಕಂಬಕ್ಕೆ ಮುಖ ಮಾಡಿ, ಕಣ್ಣು ಮುಚ್ಚಿ, ಅಲ್ಲಾಡಿಸಿ ನೋಡುವಷ್ಟರಲ್ಲಿ ಸೀಟಿ ಊದಿದರು. ಕಟ್ಟಿದ್ದನ್ನು ಬಿಚ್ಚಿದವರು ಆಟದಿಂದ ಹೊರಗೆ, ಅದು ಅವರ ನಿಯಮ. ಅವರ ನಿಯಮವೂ ತಪ್ಪಲ್ಲ. ಜೀವ ಕಾಪಾಡಲಿಕ್ಕೇ ಇಟ್ಟದ್ದು.

"ಆಮೇಲೆ?"

"ಮೈಕು ಹಿಡಿದೋನು ಬಂದು 'ಭಯ ಆಯ್ತಾ ಸರ್' ಅಂದ. 'ಹೌದು, ಭಯ ಆಯ್ತು. ಗಂಟು ಹಾಕಿದೋರು ಯಾರೋ ಏನೋ, ಅದರ ಮೇಲೆ ಜೀವ ಬಿಟ್ಟು ನಡಿ ಅಂದ್ರೆ ನಿಮಗಾಗಲ್ವಾ?' ಅಂದೆ. ಅವನೂ ನಕ್ಕ, ನಾನೂ ನಕ್ಕೆ. ಅಷ್ಟೇ. ಊಟ ಚೆನ್ನಾಗಿ ಹಾಕಿದ್ರು."

ಎರಡು ತಿಂಗಳ ಮೇಲೆ ಅದು ಟೀವಿಯಲ್ಲಿ ಬಂತು. ಅಷ್ಟು ದಿನ ಅವನು ಎಂದಿನ ಹಾಗೆ ಕೆಲಸಕ್ಕೆ ಹೋಗಿ ಬರುತ್ತಿದ್ದ. ಆ ಶನಿವಾರ ನಮ್ಮ ಕೋಣೆಯಲ್ಲಿ ಹನ್ನೊಂದು ಜನ. ಗಿಡ್ಡನೂ ಅವನ ಹೆಂಡತಿಯೂ ಬಂದಿದ್ದರು. ಇಸ್ತ್ರಿ ಅಂಗಡಿಯವಳು ಇವತ್ತು ಮುಖ ಮುಚ್ಚುವುದಿಲ್ಲ ಅಂತ ಪಣ ತೊಟ್ಟು ಬಂದಿದ್ದಳು.

ಮೊದಲು ಅವನ ಹೆಸರು, ಅವನ ಕೆಲಸ, ಆ ಫೋಟೋ ತೋರಿಸಿದರು. ನಮ್ಮವರೆಲ್ಲ ಸೀಟಿ ಹೊಡೆದರು. ಆಮೇಲೆ ತೊಲೆ. ಅವನು ಕೊಕ್ಕೆ ಬಿಚ್ಚಿದ್ದನ್ನು ತೋರಿಸಲೇ ಇಲ್ಲ. ಕಂಬಕ್ಕೆ ಮುಖ ಒತ್ತಿ ನಿಂತ ಅವನ ಬೆನ್ನು ತೋರಿಸಿದರು. ಮುಚ್ಚಿದ ಕಣ್ಣು ತೋರಿಸಿದರು, ಟೀವಿ ತುಂಬ. ಹಗ್ಗ ಹಿಡಿದು ಅಲ್ಲಾಡುವ ಕೈ ತೋರಿಸಿದರು, ಮೂರು ಸಲ, ನಿಧಾನವಾಗಿ. ಹಿಂದಿನಿಂದ ಎದೆ ಬಡಿತದ ಸದ್ದು ಹಾಕಿದ್ದರು. ಆಮೇಲೆ ಮೈಕಿನವನು "ಭಯ ಆಯ್ತಾ ಸರ್?" ಅಂದ. ನನ್ನ ತಮ್ಮ "ಹೌದು, ಭಯ ಆಯ್ತು" ಅಂದ. ಅಲ್ಲಿಗೆ ಮುಗಿಯಿತು. ಸೋಪಿನ ಜಾಹೀರಾತು ಬಂತು.

 ಯಾರೋ ಒಬ್ಬರು ಮೂಗಿನಲ್ಲಿ ನಕ್ಕರು, ಯಾರು ಅಂತ ನೋಡಲಿಲ್ಲ. ಹಿಂದೆ ತಿರುಗಿದರೆ ನನ್ನ ತಮ್ಮ ನನ್ನನ್ನೇ ನೋಡುತ್ತಿದ್ದ. ನಿಜ ಏನು ಅಂತ ಅವನ ಬಾಯಿಂದಲೇ ಕೇಳಿದವಳು ನಾನು. ಆದರೂ ಆ ಒಂದು ಗಳಿಗೆ ನನ್ನ ಕಣ್ಣಿಗೂ ಅವನು ಹೆದರಿದ ಹಾಗೇ ಕಂಡಿತ್ತು. ಅದು ನನ್ನ ಮುಖದಲ್ಲಿ ಇದ್ದಿರಬೇಕು.

ಎಲ್ಲರೂ ಹೋದ ಮೇಲೆ ಕುರ್ಚಿ ಮಡಿಸುತ್ತಾ ಕೇಳಿದ, "ನೀನೂ ನಂಬಿದ್ಯಾ ಅಕ್ಕ?"

"ಇಲ್ವೋ" ಅಂದೆ. ತಡವಾಗಿ ಅಂದೆ. ಮಾತು ಅದೇ, ಆದರೆ ಆ ತಡ ಅವನಿಗೆ ಕೇಳಿಸಿತು.

ಸೋಮವಾರ ಕೆಲಸಕ್ಕೆ ಹೋದರೆ ಕಟ್ಟಡದ ಕಾವಲಿನವನು, "ಲಿಫ್ಟಲ್ಲಿ ಹೋಗ್ತೀರಾ, ಯಾರಾದ್ರೂ ಕೈ ಹಿಡ್ಕೊಂಡು ಬರ್ಬೇಕಾ?" ಅಂದನಂತೆ. ಬಣ್ಣದ ಅಂಗಡಿಯವನು ಫೋನಿನಲ್ಲಿ ಆ ತುಣುಕು ಹಾಕಿ ಎದೆ ಬಡಿತ ಕೇಳಿಸಿದನಂತೆ. ಇದನ್ನೆಲ್ಲ ಅವನು ತಲೆಗೆ ಹಚ್ಚಿಕೊಳ್ಳಲಿಲ್ಲ. ನಾಯಿ ಬೊಗಳಿದರೆ ದೇವಲೋಕ ಹಾಳಾ ಅಂತ ಅವನೇ ನನಗೆ ಸಮಾಧಾನ ಹೇಳಿದ. ಗಿಡ್ಡ ಏನನ್ನುತ್ತಾನೋ ಅನ್ನುವುದೊಂದೇ ಅವನ ಚಿಂತೆ. ಗಿಡ್ಡ ಏನೂ ಅನ್ನದಿದ್ದರೆ ಊರೇ ನಕ್ಕರೂ ಅವನ ಹಲಗೆ ಅವನಿಗೆ ಇರುತ್ತಿತ್ತು.

ಗಿಡ್ಡ ಒಳ್ಳೆಯವನು. ಅವನು ಬಾಯಿಬಿಟ್ಟು ಹೇಳಿದ್ದು ಇಷ್ಟೇ: "ಆ ಕೈ ನನಗೆ ಗೊತ್ತು ಹಲ್ಲಿ. ಗಂಟು ನೋಡ್ತಿದ್ದೆ ಅಂತ ಮಗೂಗೂ ಗೊತ್ತಾಗುತ್ತೆ. ಆದ್ರೆ ಭಯ ಆಯ್ತು ಅನ್ನೋ ಆ ಮಾತು? ಹದಿನಾಲ್ಕು ವರ್ಷದಲ್ಲಿ ಆ ಮಾತು ನಿನ್ನ ಬಾಯಲ್ಲಿ ನಾ ಕೇಳಿರ್ಲಿಲ್ಲ."

ಮುಂದಿನ ಅರ್ಧ ಮಾತು ಕತ್ತರಿಸಿದ್ದಾರೆ ಅಂತ ಇವನು ಹೇಳಿದ. ಗಿಡ್ಡ ನಂಬಿದ. ನಂಬಿದರೂ, ಹಲಗೆಯ ಮೇಲೆ ಕೂತಾಗ ಅವನ ಕಣ್ಣು ಗೋಡೆಯ ಮೇಲೆ ನಿಲ್ಲದೆ ಇವನ ಕೈ ಮೇಲೆ ಬರತೊಡಗಿತು. ನಡುಗುತ್ತಿದೆಯಾ ಅಂತ. ಒಂದು ಅಂತಸ್ತಿಗೆ ಎರಡು ಸಲ, ಮೂರು ಸಲ. ಹೆದರಿಕೆ ಹುಟ್ಟಿದ್ದು ನನ್ನ ತಮ್ಮನಲ್ಲಿ ಅಲ್ಲ, ಅವನ ಪಕ್ಕ ಕೂತವನಲ್ಲಿ. ಒಂಬತ್ತನೇ ದಿನ ಏಳನೇ ಅಂತಸ್ತಿನಿಂದ ಇಳಿಯುವಾಗ ಇವನು "ಹೂಂ" ಅಂದ. ಗಿಡ್ಡ ಇವನ ಕೈ ನೋಡುತ್ತಾ ಇದ್ದವನು ತಿರುಗಿ ಹೂಂ ಅನ್ನುವುದನ್ನು ಮರೆತು ಹಗ್ಗ ಬಿಟ್ಟ. ಹಲಗೆ ವಾಲಿತು. ಇಬ್ಬರಿಗೂ ಸೊಂಟದ ಹಗ್ಗ ಇತ್ತು, ಏನೂ ಆಗಲಿಲ್ಲ. ಬಣ್ಣದ ಬಕೀಟು ಮಾತ್ರ ಕೆಳಗೆ ಬಿದ್ದು ಅಂಗಳವೆಲ್ಲ ಬಿಳಿ ಆಯಿತು. ಮೇಸ್ತ್ರಿ ಓಡಿ ಬಂದ. ತಪ್ಪು ಯಾರದು ಅಂತ ಯಾರೂ ಕೇಳಲಿಲ್ಲ. ಎಲ್ಲರೂ ಇವನನ್ನು ನೋಡಿದರು.

"ನಂದು" ಅಂತ ಗಿಡ್ಡ ಹೇಳಿದ. ಹೇಳಿದ್ದು ನಿಜ. ಸ್ನೇಹಕ್ಕೆ ಹೇಳುತ್ತಿದ್ದಾನೆ ಅಂತ ಎಲ್ಲರೂ ತಿಳಿದುಕೊಂಡರು.

ಮಾರನೇ ದಿನ ಬೆಳಗ್ಗೆ ಆರೂವರೆಗೆ ಗಿಡ್ಡನ ಹೆಂಡತಿ ನಮ್ಮ ಬಾಗಿಲಿಗೆ ಬಂದಳು. ಒಳಗೆ ಬಾ ಅಂದರೆ ಬರಲಿಲ್ಲ.

"ಅಕ್ಕ, ನಾನು ಬಂದಿದ್ದು ಅವರಿಗೆ ಗೊತ್ತಿಲ್ಲ. ಅವರು ಕೇಳಲ್ಲ, ಸತ್ತರೂ ಕೇಳಲ್ಲ. ನೀವೇ ಅಣ್ಣಂಗೆ ಹೇಳ್ಬೇಕು."

"ಏನಂತ?"

"ಅಣ್ಣ ಹೆದರಿದ್ರೋ ಇಲ್ವೋ ನನಗೆ ಗೊತ್ತಿಲ್ಲ ಅಕ್ಕ. ನನ್ನ ಗಂಡ ಈಗ ಹೆದರ್ತಾರೆ. ನಿದ್ದೇಲಿ ಹೂಂ ಹೂಂ ಅಂತಾರೆ. ಜೋಡಿ ಬಿಡಿಸಿ. ನನಗೆ ಎರಡು ಹೆಣ್ಣುಮಕ್ಕಳಿದಾರೆ."

ಅವಳ ಮೇಲೆ ರೇಗಬೇಕೆಂದಿದ್ದೆ. ಆದರೆ ಅವಳ ಜಾಗದಲ್ಲಿ ನಾನಿದ್ದರೆ ಐದು ಗಂಟೆಗೇ ಬಂದಿರುತ್ತಿದ್ದೆ. ಅಷ್ಟರಲ್ಲಿ ನನ್ನ ತಮ್ಮ ತಲೆ ಒರೆಸುತ್ತಾ ಬಚ್ಚಲಿನಿಂದ ಹೊರಗೆ ಬಂದ. ಎಲ್ಲ ಕೇಳಿಸಿಕೊಂಡಿದ್ದ.

"ಸರಿ ತಂಗಿ" ಅಂದ. "ಇವತ್ತಿಂದಲೇ ಬೇರೆಯವರನ್ನ ಕೂರಿಸ್ಕೊಳ್ಳೋಕೆ ನಾನೇ ಹೇಳ್ತೀನಿ. ನೀನು ಬಂದಿದ್ದು ಅವನಿಗೆ ಹೇಳಲ್ಲ, ಹೋಗು."

ಮೇಸ್ತ್ರಿ ಅವನನ್ನು ಕೆಳಗೆ ಹಾಕಿದ. ಬಣ್ಣ ಕಲಸುವುದು, ಹಳೆಯ ಗೋಡೆ ಕೆರೆದು ಬಿದ್ದ ಪುಡಿ ಗುಡಿಸುವುದು, ಮೇಲೆ ಹಲಗೆ ಇದ್ದಾಗ ಜನರನ್ನು ಆ ಕಡೆಯಿಂದ ಹೋಗಿ ಅನ್ನುವುದು. ಸಂಜೆ ಮನೆಗೆ ಬಂದಾಗ ಕತ್ತು ತಿರುಗುತ್ತಿರಲಿಲ್ಲ, ದಿನವೆಲ್ಲ ಮೇಲೆ ನೋಡಿ ನೋಡಿ. ನಾನು ಬಿಸಿನೀರಿನ ಬಟ್ಟೆ ಹಾಕುತ್ತಿದ್ದೆ. ಹೊಸ ಜೋಡಿ ಸಿಕ್ಕಿದರೆ ಮತ್ತೆ ಏರುತ್ತೇನೆ ಅನ್ನುತ್ತಿದ್ದ. ಆರು ಜನರನ್ನು ಕೇಳಿದ. ಆರು ಜನರಿಗೂ ಅವತ್ತು ಬೇರೆ ಕೆಲಸ ಇತ್ತು.

ನಾಲ್ಕು ತಿಂಗಳಾದ ಮೇಲೆ ಆಟದವರು ಮತ್ತೆ ಫೋನು ಮಾಡಿದರು. ಹೆದರಿ ಸೋತವರಿಗೆಲ್ಲ ಇನ್ನೊಂದು ಅವಕಾಶವಂತೆ, ವಿಶೇಷ ಕಾರ್ಯಕ್ರಮವಂತೆ. ಟೀಚರು ಮೆಟ್ಟಿಲು ಇಳಿದು ಓಡಿ ಬಂದರು. ನಾನೂ ಅಂದೆ, ಮತ್ತೆ ನಾನೇ: "ಹೋಗೋ. ಒಂದು ಸಲ ದಾಟಿ ತೋರಿಸ್ಬಿಡು. ಎಲ್ಲರ ಬಾಯಿ ಮುಚ್ಚುತ್ತೆ, ನಿನ್ನ ಹಲಗೆ ನಿನಗೆ ಬರುತ್ತೆ."

"ಕೊಕ್ಕೆ ಯಾರು ಹಾಕ್ತಾರಂತೆ?" ಅಂತ ಟೀಚರನ್ನು ಕೇಳಿದ.

ಟೀಚರು ಫೋನು ಮಾಡಿ ವಿಚಾರಿಸಿದರು. ಅವರೇ ಹಾಕುತ್ತಾರಂತೆ, ಬೆನ್ನಿಗೇ.

"ಹಾಗಾದ್ರೆ ಬೇಡ. ಭಯ ಆಯ್ತಾ ಅಂತ ಈಗ ಕೇಳಿದ್ರೂ ಹೌದು ಅಂತಲೇ ಹೇಳ್ಬೇಕಾಗುತ್ತೆ."

"ಎರಡು ನಿಮಿಷ ಕಣೋ, ಕಣ್ಣು ಮುಚ್ಕೊಂಡು ನಡೆದ್ಬಿಡು!"

"ಅಕ್ಕ, ಬೇರೆಯವರ ಗಂಟಿನ ಮೇಲೆ ನಡೆದು ತೋರಿಸಿದ್ರೆ ಊರಿನ ಬಾಯಿ ಮುಚ್ಚುತ್ತೆ. ಹಲಗೆಯವರು ನನ್ನ ಹತ್ರ ಕೂರ್ತಾರಾ? ಗಂಟು ಯಾರದಾದ್ರೂ ನಡೀತಾನೆ ಇವನು ಅಂತ ಆಗ ನಿಜವಾಗಿ ದೂರ ಇಡ್ತಾರೆ. ಇಡ್ಬೇಕಾದ್ದೇ."

ಹೋಗಲಿಲ್ಲ. ಕರೆದರೂ ಹೋಗಲಿಲ್ಲವಂತೆ, ಅಂದಮೇಲೆ ಹೆದರಿಕೆ ಹೌದು, ಅಂತ ಕಟ್ಟಡದಲ್ಲಿ ಮಾತಾಯಿತು.

ಆ ವರ್ಷದ ಕೊನೆಗೆ ಒಂದು ಬೆಳಗ್ಗೆ ಗಿಡ್ಡನಿಗೆ ಜ್ವರ. ಕೆಲಸ ಮುಗಿಸುವ ಗಡುವು ಹತ್ತಿರ ಬಂದಿತ್ತು. ಮೇಸ್ತ್ರಿ ಅತ್ತಿತ್ತ ನೋಡಿ ಕೊನೆಗೆ ಕೇಳಿದನಂತೆ, "ಹಲ್ಲಿ, ಏರ್ತೀಯಾ?" ಮುಂದಿನದನ್ನು ಹೇಳಿದ್ದು ಮೇಸ್ತ್ರಿಯೇ, ತಮ್ಮ ತೀರಿಕೊಂಡ ದಿನ, ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು.

ನನ್ನ ತಮ್ಮ ಹನ್ನೆರಡು ಅಂತಸ್ತು ಮೆಟ್ಟಿಲಲ್ಲೇ ಹತ್ತಿದನಂತೆ, ಲಿಫ್ಟಿಗೆ ಕಾಯಲಿಲ್ಲ. ಗಂಟು ಹಾಕಿದ, ಕಣ್ಣು ಮುಚ್ಚಿ ನೋಡಿದ, ತಾರಸಿಯ ಅಂಚಿನ ಗೋಡೆ ದಾಟಿ ತನ್ನ ತುದಿಯಲ್ಲಿ ಕೂತ. ಇನ್ನೊಂದು ತುದಿಗೆ ಬರಬೇಕಾದವನು ಇಬ್ಬರು ಮಕ್ಕಳ ತಂದೆ, ಇವನಿಗಿಂತ ಹತ್ತು ವರ್ಷ ಚಿಕ್ಕವನು. ಅವನೂ ಗಂಟು ಹಾಕಿದ. ಒಂದು ಕಾಲು ಹಲಗೆಯ ಮೇಲೆ ಇಟ್ಟ. ಇವನ ಕೈ ನೋಡಿದ. ಕಾಲು ಹಿಂದಕ್ಕೆ ತೆಗೆದು, "ಬೀಡಿ ಸೇದಿ ಬರ್ತೀನಿ" ಅಂತ ನೀರಿನ ಟ್ಯಾಂಕಿನ ಹಿಂದೆ ಹೋದ. ಬರಲಿಲ್ಲ. ಮೇಸ್ತ್ರಿ ಹೋಗಿ ಕರೆದ, ಬೈದ, ಕೈ ಹಿಡಿದು ಎಳೆದ. ಬರಲಿಲ್ಲ. ನನ್ನ ತಮ್ಮ ಆ ಕಡೆ ತಿರುಗಿ ನೋಡಲಿಲ್ಲವಂತೆ. ಬ್ರಶ್ಶು ಬಣ್ಣದಲ್ಲಿ ಅದ್ದಿ, ಕೂತಲ್ಲಿಂದ ಕೈಗೆ ಎಟುಕುವಷ್ಟು ಗೋಡೆಗೆ ಹೊಡೆದ. ಅದು ಮುಗಿಯಿತು. ಮತ್ತೆ ಅದೇ ಜಾಗಕ್ಕೆ ಇನ್ನೊಂದು ಕೋಟು ಹೊಡೆದ. ಮುಕ್ಕಾಲು ಗಂಟೆ ಹಾಗೆ ಕೂತಿದ್ದನಂತೆ, ಎಂಟು ಅಡಿ ಹಲಗೆಯ ಒಂದೇ ತುದಿಯಲ್ಲಿ.

ಅವತ್ತು ಹನ್ನೊಂದು ಗಂಟೆಗೆಲ್ಲ ಅವನು ಮನೆಯಲ್ಲಿದ್ದ. ನನಗೆ ರಜೆ ಇತ್ತು, ದಿಂಬಿನ ಚೀಲ ಹೊಲಿಯುತ್ತಾ ಕೂತಿದ್ದೆ. ಯಾಕೋ ಇಷ್ಟು ಬೇಗ ಅಂದೆ. ಸೀಮೆಎಣ್ಣೆಯಲ್ಲಿ ಕೈ ತೊಳೆದುಕೊಂಡ, ಉಗುರಿನ ಸಂದಿಯೆಲ್ಲ ತಿಕ್ಕಿ ತಿಕ್ಕಿ. ಆಮೇಲೆ ನನ್ನ ಎದುರು ನೆಲದ ಮೇಲೆ ಕೂತ.

"ನಿಮ್ಮ ಬಟ್ಟೆ ಕೋಣೇಲಿ ಚಾದರ ಮಡಿಸೋಕೆ ಜನ ಬೇಕು ಅಂದಿದ್ಯಲ್ಲ, ಕೇಳಿ ನೋಡು" ಅಂದ.

"ನಿನ್ನ ಕೆಲಸ?"

"ಒಬ್ಬನೇ ಇಳಿಸಕ್ಕಾಗಲ್ಲ ಅಕ್ಕ, ಆ ಹಲಗೇನ."